ಜೀಪಿನ ಬಾಯಿಗಿಟ್ಟ ಕುಂಕುಮ

ಸುರಪುರದಲ್ಲಿ ಆ ದಿನಗಳಲ್ಲಿ ಪರಮಣ್ಣ ಎಂಬ ಹೆಸರಿನವರು ಓಣಿಗೊಬ್ಬರಿದ್ದರು. ಅವರನ್ನೆಲ್ಲ ಅಪ್ಪನ ಹೆಸರು ಸೇರಿಸಿಯೋ, ಮನೆತನದ ಹೆಸರು ಸೇರಿಸಿಯೋ ಗುರುತು ಹಿಡಿಯಬೇಕಿತ್ತು. ಒಬ್ಬ ಪರಮಣ್ಣನಿಗೆ ಮಾತ್ರ ಅದರ ಹಂಗಿರಲಿಲ್ಲ. ಅವನು ಡ್ರೈವರ್ ಪರಮಣ್ಣ. ಊರಿಗೆಲ್ಲ ಇದ್ದದ್ದು ಒಂದು ಸರಕಾರಿ ಜೀಪು, ಅದನ್ನು ನಡೆಸುತ್ತಿದ್ದವನು ಇವನೊಬ್ಬ. ಖಾಕಿ ಅಂಗಿಯ ಮೇಲಿನ ಗುಂಡಿ ಹಾಕದೆ, ಕೈಯೊಂದನ್ನು ಹೊರಗೆ ಚಾಚಿ, ಬಜಾರದಲ್ಲಿ ಇವನು ಬಂದನೆಂದರೆ ಚೌಕಾಶಿ ಮಾಡುತ್ತಿದ್ದ ಹೆಂಗಸರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಸ್ವಲ್ಪ ಜಂಬವೂ ಇತ್ತೆನ್ನಿ. ಇರಲಿ, ಆ ಜಂಬ ಅವನ ಪಾಲಿಗೆ ಬಹಳ ದಿನ ಉಳಿಯಲಿಲ್ಲ.

ಜೀಪು ಬಂದದ್ದು ನಿಜಾಮರ ಕಾಲ ಮುಗಿದ ಮೇಲೆ. ಪೊಲೀಸ್ ಆಕ್ಷನ್ ನಡೆದುಹೋಗಿತ್ತು, ಜಾಗೀರುಗಳು ಹೋಗಿದ್ದವು, ಕಚೇರಿಗಳ ಮೇಲಿನ ಉರ್ದು ಹಲಗೆಗಳನ್ನು ಇಳಿಸಿ ಹೊಸ ಹಲಗೆ ಏರಿಸುತ್ತಿದ್ದರು. ಹಳ್ಳಿಗಳಲ್ಲಿ ಕುಡಿಯುವ ನೀರಿನ ಬಾವಿ ತೋಡಿಸಲೆಂದು ಒಂದು ಸಣ್ಣ ಕಚೇರಿ ತೆರೆಯಿತು. ಎರೆಮಣ್ಣಿನ ದಾರಿಯಲ್ಲಿ ಬೇರೆ ಯಾವ ಮೋಟಾರೂ ನಡೆಯದೆಂದು ಅದಕ್ಕೊಂದು ಜೀಪು ಕೊಟ್ಟರು. ಸಿಕಂದರಾಬಾದಿನಲ್ಲಿ ಮಿಲಿಟರಿಯವರು ಹರಾಜಿಗಿಟ್ಟ ಹಳೆಯ ಗಾಡಿ. ಬಾನೆಟ್ಟಿನ ಮೇಲೆ ಬಳಿದ ಹೊಸ ಬಣ್ಣದ ಕೆಳಗೆ ಹಳೆಯ ಬಿಳಿ ನಕ್ಷತ್ರ ಇನ್ನೂ ಮಸುಕಾಗಿ ಕಾಣುತ್ತಿತ್ತು. ಯಾವ ಯಾವ ಯುದ್ಧ ಮಾಡಿ ಬಂದಿತ್ತೋ ಏನೋ, ಕೊನೆಗೆ ನಮ್ಮ ಹಳ್ಳಗಳಲ್ಲಿ ಹಾಯಲು ಬಂತು.

ಪರಮಣ್ಣ ಮೋಟಾರಿನ ವಿದ್ಯೆ ಕಲಿತದ್ದು ಯಾದಗಿರಿಯಲ್ಲಿ, ಬಾಷುಮಿಯಾನ ಕೈಕೆಳಗೆ. ಸ್ಟೇಶನ್ನಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಬಾಷುಮಿಯಾ ಲಾರಿ, ಬಸ್ಸು ರಿಪೇರಿ ಮಾಡುತ್ತಿದ್ದ. ಪೊಲೀಸ್ ಆಕ್ಷನ್ನಿನ ಗದ್ದಲದ ವರ್ಷ ಅಂಗಡಿಗೆ ಬೀಗ ಹಾಕಿಕೊಂಡು ಎಲ್ಲಿಯೋ ಹೋಗಿದ್ದವನು ಮರಳಿ ಬಂದಾಗ ಗಿರಾಕಿಗಳು ಅರ್ಧಕ್ಕರ್ಧ ಬೇರೆ ಕಡೆ ತಿರುಗಿದ್ದರು. ಪರಮಣ್ಣ ತಿರುಗಲಿಲ್ಲ. ಜೀಪಿಗೆ ಏನಾದರೂ ಆದರೆ ಅವನಿಗೆ ಗೊತ್ತಿದ್ದ ದಾರಿ ಉಸ್ತಾದನ ಶೆಡ್ಡಿನದೊಂದೇ.

ಮನೆಯಲ್ಲಿ ಹೆಂಡತಿ ಮಲ್ಲಾಬಾಯಿ, ಮಗಳು ಚಂದಮ್ಮ. ಮದುವೆಯಾಗಿ ಬಹಳ ವರ್ಷ ಕಾಯಿಸಿ, ಹರಕೆ ಹೊರಿಸಿ, ಉಪವಾಸ ಮಾಡಿಸಿ ಹುಟ್ಟಿದ ಮಗಳು. ಅಪ್ಪ ಊಟಕ್ಕೆಂದು ಮನೆಯ ಮುಂದೆ ಜೀಪು ನಿಲ್ಲಿಸಿದರೆ ಸಾಕು, ಹತ್ತಿ ಕುಳಿತು ಬಾಯಲ್ಲೇ ಹಾರನ್ ಹೊಡೆಯುತ್ತಿದ್ದಳು. ಇಳಿಸಬೇಕೆಂದರೆ ಅವರವ್ವನೇ ಬರಬೇಕು, ಅಪ್ಪನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ.

ಮಲ್ಲಾಬಾಯಿ ಅಕ್ಷರ ಕಲಿತವಳಲ್ಲ, ಆದರೆ ಕೈಕೆಲಸದಲ್ಲಿ ಚುರುಕು. ಒಮ್ಮೆ ಗಂಡ ಸೀಮೆಎಣ್ಣೆಯ ಹೊಸ ಡಬ್ಬಿ ತಂದು, ಮೊಳೆ ಬಡಿದು ತೂತು ಮಾಡಿ, ಬೋರಲು ಹಿಡಿದು ನಿಂತಿದ್ದ. ಎಣ್ಣೆ ಗುಳುಗುಳು ಎಂದು ನಾಲ್ಕು ಹನಿ ಬಿದ್ದು ನಿಂತುಬಿಟ್ಟಿತು. ಮಲ್ಲಾಬಾಯಿ ಸೆರಗು ಬಾಯಿಗಿಟ್ಟು ನಕ್ಕಳು.

"ಒಂದ ತೂತಿನಾಗ ಹ್ಯಾಂಗ ಬರತದ್ರಿ? ಗಾಳಿ ಒಳಗ ಹೋಗಾಕ ಇನ್ನೊಂದು ಬೇಕಲ್ಲ. ದೊಡ್ಡ ಡ್ರೈವರ್ ಅಂತ, ಡ್ರೈವರ್!"

ಡಬ್ಬಿ ಕಸಿದುಕೊಂಡು ಆ ಮೂಲೆಗೊಂದು ತೂತು ಹೊಡೆದಳು. ಎಣ್ಣೆ ಧಾರೆ ಕಟ್ಟಿ ಸುರಿಯಿತು. ಪರಮಣ್ಣನೂ ನಕ್ಕ. ಮುಂದೆ ಈ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಆ ವರ್ಷದ ಮಹಾನವಮಿ ಬಂತು. ಆಯುಧಪೂಜೆಗೆಂದು ಜೀಪನ್ನು ಬಾವಿಯ ಹತ್ತಿರ ಒಯ್ದು ತೊಳೆದು, ಮನೆಯ ಮುಂದೆ ನಿಲ್ಲಿಸಿದ್ದ. ಚೆಂಡುಹೂವಿನ ಸರ ಹಾಕಿ, ಬಾನೆಟ್ಟಿಗೆ ವಿಭೂತಿ ಬಳಿದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಮಲ್ಲಾಬಾಯಿ ಆರತಿಯ ತಟ್ಟೆ ಹಿಡಿದು ಸುತ್ತು ಬಂದು ನಿಂತಳು.

"ಇದರ ಬಾಯಿ ಎಲ್ಲಿ ಅದ್ರಿ?"

"ಬಾಯಿ ಯಾವುದ ಇದಕ್ಕ?"

"ಎಣ್ಣಿ ಕುಡಿಯೋ ಬಾಯ್ರಿ. ಎತ್ತಿನ ಪೂಜಿ ಮಾಡಿ ಬಾಯಿಗಿ ಹೋಳಿಗಿ ಇಡಲಾರದ ಬಿಡತೀವೇನು?"

ಪರಮಣ್ಣ ನಗುತ್ತ ಡ್ರೈವರ್ ಕೂರುವ ಮೆತ್ತೆ ಎತ್ತಿದ. ಆ ಜೀಪಿನ ಪೆಟ್ರೋಲ್ ಟ್ಯಾಂಕು ಅವನ ಕುಂಡಿಯ ಕೆಳಗೇ ಇತ್ತು. ಅದರ ಬಾಯಿಗೆ ಅಂಗೈಯಗಲದ ತಗಡಿನ ಮುಚ್ಚಳ. ಹಿಂದಿನ ತಿಂಗಳು ಹಳೆಯ ಮುಚ್ಚಳ ಸಡಿಲಾಗಿ ಪೆಟ್ರೋಲ್ ತುಳುಕುತ್ತಿತ್ತೆಂದು ಬಾಷುಮಿಯಾ ಎಲ್ಲಿಂದಲೋ ಇದನ್ನು ತಂದು, ಒಳಗೆ ರಬ್ಬರಿನ ಬಳೆ ಕೂರಿಸಿ, ಬಿಗಿಯಾಗಿ ಹಾಕಿಕೊಟ್ಟಿದ್ದ. ಮಲ್ಲಾಬಾಯಿ ಅದಕ್ಕೆ ಅರಿಷಿಣ ಹಚ್ಚಿದಳು, ಕುಂಕುಮ ಇಟ್ಟಳು. ಕುಂಕುಮ ಒಣ ತಗಡಿನ ಮೇಲೆ ನಿಲ್ಲದೆ ಉದುರಿತು.

"ಧೂಳ್ಯಾಗ ಓಡಾಡೋ ಗಾಡಿ, ಇದು ಎಷ್ಟೊತ್ತು ನಿಲ್ಲತದ?" ಎಂದು ಒಳಗೆ ಹೋಗಿ ತನ್ನ ಮೇಣದ ಡಬ್ಬಿ ತಂದಳು. ಆಗಿನ ಮುತ್ತೈದೆಯರು ಹಣೆಗೆ ಮೊದಲು ಮೇಣ ಹಚ್ಚಿ, ಅದರ ಮೇಲೆ ಕುಂಕುಮ ಇಡುತ್ತಿದ್ದರು. ಬೆವರಿಗೂ ಅಳಿಸದು, ಧೂಳಿಗೂ ಉದುರದು. ಅದೇ ಮೇಣವನ್ನು ಬೆರಳಲ್ಲಿ ತಿಕ್ಕಿ ಮೆತ್ತಗೆ ಮಾಡಿ ಮುಚ್ಚಳದ ನಟ್ಟನಡುವೆ ಮೆತ್ತಿದಳು. ಚಂದಮ್ಮ ತಾನು ತಾನು ಎಂದು ಹಟ ಹಿಡಿದಳು. ಸರಿ, ಮಗಳ ಬೆರಳನ್ನು ಕುಂಕುಮದಲ್ಲಿ ಅದ್ದಿ ಮೇಣದ ಮೇಲೆ ಒತ್ತಿಸಿದಳು.

"ಅಪ್ಪನ್ನ ಎಲ್ಲೂ ಕೈಬಿಡಬ್ಯಾಡ ಅಂತ ಹೇಳು ಅದಕ್ಕ," ಎಂದಳು.

"ಕೈಬಿಡಬ್ಯಾಡ," ಎಂದಳು ಚಂದಮ್ಮ, ಜೀಪಿನ ಕಡೆಗೆ ಬೆರಳು ತೋರಿಸಿ, ಗದರಿಸುವ ಹಾಗೆ. ಪರಮಣ್ಣ ಮೆತ್ತೆ ಮುಚ್ಚಿ ಮಗಳನ್ನು ಅದರ ಮೇಲೆ ಕೂರಿಸಿದ.

ಹಬ್ಬ ಮುಗಿದು ಬಾವಿ ಕಚೇರಿಯ ಸಾಹೇಬರ ತಿರುಗಾಟ ಶುರುವಾಯಿತು. ಕೊಡೇಕಲ್ ಕಡೆಗೆ ಹೊರಟಿದ್ದರು. ಅರ್ಧ ದಾರಿಯಲ್ಲಿ ಜೀಪು ಕೆಮ್ಮಿತು, ಜಗ್ಗಿತು, ನಿಂತಿತು. ಪರಮಣ್ಣ ಬಾನೆಟ್ ಎತ್ತಿದ. ಎಂಜಿನ್ನಿನ ಬದಿಗೆ ಪೆಟ್ರೋಲ್ ಎಳೆಯುವ ಪಂಪು, ಅದಕ್ಕೆ ತಾಗಿದ ಗಾಜಿನ ಸಣ್ಣ ಬಟ್ಟಲು. ಯಾವಾಗಲೂ ತುಂಬಿರಬೇಕಾದ ಬಟ್ಟಲಲ್ಲಿ ತಳದ ಮಟ್ಟಕ್ಕೂ ಪೆಟ್ರೋಲಿರಲಿಲ್ಲ. ಟ್ಯಾಂಕೇ ಬರಿದಾಯಿತೇನೋ ಎಂದು ಮೆತ್ತೆ ಎತ್ತಿ, ಮುಚ್ಚಳ ತೆಗೆದು, ಕಡ್ಡಿ ಅದ್ದಿ ನೋಡಿದ. ಬೇಕಾದಷ್ಟಿತ್ತು. ಮುಚ್ಚಳ ಬಿಗಿದು ಪಂಪಿನ ಕಡೆ ಬಂದ. ಬಟ್ಟಲು ಬಿಚ್ಚಿ ಒರೆಸಿದ, ಕಸ ಸೋಸುವ ಜಾಳಿಗೆ ಊದಿದ, ಮತ್ತೆ ಕೂರಿಸಿ, ಎಂಜಿನ್ ಹತ್ತಿಸಲು ಮುಂದಿನ ಹ್ಯಾಂಡಲ್ ಹೊಡೆದ. ಜೀಪು ಹೊರಟಿತು. ಪಂಪಿನಲ್ಲಿ ಕಸ ಸೇರಿತ್ತು ಎಂದುಕೊಂಡ. ಯಾರಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ನಾಲ್ಕು ದಿನ ಬಿಟ್ಟು ಮತ್ತೆ ಅದೇ ಗೋಳು. ಊರೊಳಗೆ ಓಡಾಡಿದರೆ ಏನೂ ಇಲ್ಲ, ದೂರ ಹೋದರೆ ಮಾತ್ರ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಪ್ರತಿ ಸಲವೂ ಟ್ಯಾಂಕು ನೋಡುವುದು, ಪಂಪು ಬಿಚ್ಚುವುದು, ಕಟ್ಟುವುದು, ಹೊರಡುವುದು. ಕೊನೆಗೆ ಯಾದಗಿರಿಗೆ ಒಯ್ದ. ಬಾಷುಮಿಯಾ ಪಂಪಿನ ಹೊಟ್ಟೆ ಬಗೆದು ಒಳಗಿನ ಪರದೆಯನ್ನು ಬೆಳಕಿಗೆ ಹಿಡಿದ. ಪಂಪು ಬಡಿದಂತೆ ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುವುದು ಆ ಪರದೆಯೇ.

"ಹರಿದಿಲ್ಲ, ಆದರ ಬಿರುಸಾಗ್ಯಾದ. ಮಿಲಿಟರಿ ಮಾಲು, ಮುದುಕಾಗ್ಯಾದ. ಹೊಸಾದು ಹಾಕತೀನಿ ಬೇಟಾ, ಘೋಡಾ ಆಗತದ ನೋಡು," ಎಂದ.

ಹಾಕಿದ. ಅಂಗಳದಲ್ಲಿ ಎರಡು ತಾಸು ಎಂಜಿನ್ ಓಡಿಸಿ ನೋಡಿದರೂ ಕೆಮ್ಮಲಿಲ್ಲ. ನಿಂತಲ್ಲೇ ಓಡುವ ಎಂಜಿನ್ನು ಎಷ್ಟು ಪೆಟ್ರೋಲ್ ಕುಡಿದೀತು! ಆ ಸಂಜೆ ಪರಮಣ್ಣ ಹಗುರಾಗಿ ಸುರಪುರಕ್ಕೆ ಹಿಂತಿರುಗಿದ. ದಾರಿಯಲ್ಲಿ ಎರಡು ಸಲ ನಿಂತು ಟ್ಯಾಂಕಿನಲ್ಲಿ ಕಡ್ಡಿ ಅದ್ದಿ ನೋಡಿದ್ದ, ಅಷ್ಟೇ. ಗಾಡಿ ಕೈಕೊಡಲಿಲ್ಲ. ರೋಗ ಹೋಯಿತೆಂದೇ ತಿಳಿದ.

ದೀಪಾವಳಿಗೆ ಇನ್ನು ಕೆಲವೇ ದಿನ ಇದ್ದಾಗ ಚಂದಮ್ಮನಿಗೆ ಜ್ವರ ಬಂತು. ನೆಗಡಿಯ ಜ್ವರವೆಂದು ಕಷಾಯ ಕುಡಿಸಿದರು. ಎರಡನೆಯ ದಿನ ಧ್ವನಿ ಒಡೆಯಿತು. ಮೂರನೆಯ ದಿನ ಬೆಳಗ್ಗೆ ಅವಳು ಉಸಿರೆಳೆದರೆ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಊರಿನ ಕಂಪೌಂಡರ್ ಬಂದು, ಹುಡುಗಿಯನ್ನು ಬಾಗಿಲ ಬೆಳಕಿಗೆ ತಿರುಗಿಸಿ, ನಾಲಿಗೆ ಒತ್ತಿ ನೋಡಿದ. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿತ್ತು.

"ಗಂಟಲಮಾರಿ," ಎಂದ. "ಇದಕ್ಕ ಒಂದು ಸೂಜಿ ಅದ, ಆದರ ನನ್ನ ಹಂತ್ಯಾಕ ಇಲ್ಲ. ಯಾದಗಿರಿ ಡಾಕ್ಟರ್ ಹಂತ್ಯಾಕ ಅದ. ಹೊತ್ತು ಮುಳುಗೋದ್ರಾಗ ಚುಚ್ಚಿದ್ರ ಹುಡುಗಿ ಉಳೀತಾಳ. ನೀ ಡ್ರೈವರ್ ಅದಿ, ನಿನಗೇನು ಕಷ್ಟ? ನಡಿ ನಡಿ."

ಕಂಪೌಂಡರ್ ಹೇಳಿದ್ದು ಧೈರ್ಯಕ್ಕೆ. ಪರಮಣ್ಣನಿಗೂ ಅದು ಧೈರ್ಯದ ಮಾತಾಗಿಯೇ ಕೇಳಿತು. ಊರಿನಲ್ಲಿ ಇನ್ನಾರ ಮಗುವಿಗೆ ಈ ರೋಗ ಬಂದಿದ್ದರೂ ಎತ್ತಿನ ಬಂಡಿಯೇ ಗತಿ. ತನಗೆ ಜೀಪಿದೆ. ಸಾಹೇಬರು ಒಳ್ಳೆಯವರು, ಕೇಳುವ ಮೊದಲೇ ಹೋಗು ಎಂದರು. ದಾರಿಯಲ್ಲಿ ಒಂದು ಹನಿಗೂ ಕೊರತೆಯಾಗಬಾರದೆಂದು ಪರಮಣ್ಣ ಟ್ಯಾಂಕಿನ ಬಾಯಿಯವರೆಗೆ ಪೆಟ್ರೋಲ್ ತುಂಬಿಸಿದ. ಮುಚ್ಚಳವನ್ನು ಶಕ್ತಿಯೆಲ್ಲ ಹಾಕಿ ತಿರುವಿ ಬಿಗಿದ. ಮಲ್ಲಾಬಾಯಿ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಪಕ್ಕದಲ್ಲಿ ಕುಳಿತಳು.

ಹತ್ತಿಗೂಡೂರು ದಾಟುವ ಮೊದಲೇ ಜೀಪು ಕೆಮ್ಮಿತು.

ಪರಮಣ್ಣ ಗಾಡಿಯನ್ನು ಬದಿಗೆ ನಿಲ್ಲಿಸಿದ. ಇಳಿದು ಓಡಿದ, ಬಾನೆಟ್ ಎತ್ತಿದ. ಗಾಜಿನ ಬಟ್ಟಲು ಬರಿದು. ಈ ಸಲ ಅವನು ಟ್ಯಾಂಕಿನ ಮುಚ್ಚಳ ತೆಗೆದು ನೋಡಲಿಲ್ಲ. ಏಕೆ ನೋಡುತ್ತಾನೆ? ತನ್ನ ಕೈಯಾರೆ ತುಂಬಿಸಿ ಅರ್ಧ ತಾಸಾಗಿರಲಿಲ್ಲ. ನೇರ ಪಂಪಿಗೆ ಕೈ ಹಾಕಿದ. ಬಟ್ಟಲು ಬಿಚ್ಚಿದ, ಒರೆಸಿದ, ಕಟ್ಟಿದ. ಬಿಸಿಲಿಗೆ ಪೆಟ್ರೋಲ್ ಕುದ್ದು ಆವಿಯಾಗಿದೆಯೇನೋ ಎಂದು ತನ್ನ ರುಮಾಲು ನೀರಲ್ಲಿ ನೆನೆಸಿ ಪಂಪಿಗೆ ಸುತ್ತಿದ. ಅದರೊಳಗೆ ಹೊತ್ತು ಸರಿಯಿತು. ಹ್ಯಾಂಡಲ್ ಹೊಡೆದ. ಹತ್ತಿತು. ನೀರುಬಟ್ಟೆಯಿಂದ ಸರಿಯಾಯಿತೆಂದು ಹೊರಟ.

ಶಹಾಪುರದ ಗುಡ್ಡ ಎದುರಿಗೆ ಬಂತು, ಬಲಕ್ಕೆ ತಿರುಗಿತು, ಹಿಂದೆ ಬಿತ್ತು. ಚಂದಮ್ಮನ ಉಸಿರಿನ ಸದ್ದು ಎಂಜಿನ್ನಿನ ಸದ್ದಿನಲ್ಲೂ ಕೇಳುತ್ತಿತ್ತು. ಪರಮಣ್ಣ ಆ ಕಡೆ ನೋಡದೆ ದಾರಿಯನ್ನೇ ನೋಡುತ್ತಿದ್ದ. ಭೀಮಾ ಹೊಳೆ ದಾಟಿದರೆ ಯಾದಗಿರಿ. ಹೊಳೆ ಇನ್ನೂ ದೂರವಿರುವಾಗ, ಎರಡೂ ಕಡೆ ಜೋಳದ ಹೊಲ ಬಿಟ್ಟರೆ ಒಂದು ಮರವೂ ಇಲ್ಲದ ಕಡೆ, ಜೀಪು ಮತ್ತೆ ಜಗ್ಗಿತು. ಜಗ್ಗಿ ಜಗ್ಗಿ ನಿಂತಿತು.

"ಏನಾತ್ರಿ?"

"ಏನಿಲ್ಲ. ಈಗ ಸುರು ಮಾಡತೀನಿ."

ಮತ್ತೆ ರುಮಾಲು ನೆನೆಸಿದ. ಈ ಸಲ ನೀರುಬಟ್ಟೆ ಕೆಲಸ ಮಾಡಲಿಲ್ಲ. ಹ್ಯಾಂಡಲ್ ಹೊಡೆದೂ ಹೊಡೆದೂ ರಟ್ಟೆ ಬಿದ್ದುಹೋಯಿತು. ಪಂಪಿನ ಕೊಳವೆ ಬಿಚ್ಚಿ ಬಾಯಿಟ್ಟು ಹೀರಿದ. ಪೆಟ್ರೋಲ್ ಬಂದು ನಾಲಿಗೆ ಸುಟ್ಟಿತು, ಆದರೆ ಒಳಗಿನಿಂದ ಯಾರೋ ಹಿಡಿದೆಳೆದಂತೆ ಮತ್ತೆ ಹಿಂದೆ ಸರಿಯಿತು. ಕೊಳವೆಯಲ್ಲಿ ಎಲ್ಲೋ ಕಸ ಸಿಕ್ಕಿದೆ ಎಂದು ಊದಿದ. ಪಂಪನ್ನೇ ಎಂಜಿನ್ನಿನಿಂದ ಬಿಚ್ಚಿ ದಾರಿಯ ಮೇಲೆ ಟವೆಲ್ ಹಾಸಿ, ಬಾಷುಮಿಯಾ ಮಾಡಿದಂತೆ ಅದರ ಹೊಟ್ಟೆ ಬಗೆದ. ಹೊಸ ಪರದೆ ಹೊಸದಾಗಿಯೇ ಇತ್ತು. ಅವಸರದಲ್ಲಿ ಒಂದು ಸ್ಕ್ರೂ ಧೂಳಲ್ಲಿ ಬಿತ್ತು. ಮೊಣಕಾಲೂರಿ ಧೂಳನ್ನು ಸೋಸತೊಡಗಿದ. ಯಾದಗಿರಿಗೆ ಹೋಗುವ ಒಂದೇ ಬಸ್ಸು ಮುಂಜಾನೆಯೇ ಹೋಗಿತ್ತು. ಹೊಲದಲ್ಲಿ ಆಳಿರಲಿಲ್ಲ, ದಾರಿಯಲ್ಲಿ ಬಂಡಿ ಇರಲಿಲ್ಲ.

"ಏನ್ರೀ, ಲಗೂನ ಮಾಡ್ರಿ. ಮಗಳು ಕಣ್ಣ ಮ್ಯಾಲ ಮಾಡಾಕತ್ಯಾಳ!"

"ಆತು, ಆತು. ಒಂದ ಸ್ಕ್ರೂ."

ಸ್ಕ್ರೂ ಸಿಕ್ಕಿತು. ಪಂಪು ಕೂರಿಸಿದ. ಕೊನೆಯ ಬೋಲ್ಟಿಗೆ ಪಾನಾ ಹಾಕಿ ತಿರುವುತ್ತಿರುವಾಗ ಸುತ್ತ ಏನೋ ಬದಲಾದಂತೆ ಅನ್ನಿಸಿತು. ಏನೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಬೆಳಗಿನಿಂದ ಕೇಳುತ್ತಿದ್ದ ಆ ಉಸಿರಿನ ಸದ್ದು ನಿಂತಿತ್ತು. ಮಲ್ಲಾಬಾಯಿ ಅಳಲಿಲ್ಲ. ಮಗಳ ಬಾಯಿಗೆ ತನ್ನ ಬಾಯಿ ಹಚ್ಚಿ ಊದುತ್ತಿದ್ದಳು. ಊದಿ, ನೋಡಿ, ಮತ್ತೆ ಊದಿದಳು. ಪರಮಣ್ಣ ಪಾನಾ ಹಿಡಿದುಕೊಂಡೇ ನಿಂತಿದ್ದ.

ಅಷ್ಟು ಹೊತ್ತು ನಿಂತಿದ್ದ ಜೀಪು ಆಮೇಲೆ ಒಂದೇ ಹ್ಯಾಂಡಲ್ಲಿಗೆ ಹತ್ತಿತು. ಇಂಥ ಸಿಟ್ಟು ಬರಿಸುವ ಸಂಗತಿ ಬೇರೆ ಯಾವುದಿದೆ! ಏನೂ ಆಗಿಲ್ಲವೆಂಬಂತೆ ಗುರ್ ಎನ್ನುತ್ತಿದ್ದ ಗಾಡಿಯನ್ನು ಪರಮಣ್ಣ ಸುರಪುರದ ಕಡೆಗೆ ತಿರುಗಿಸಿದ. ಸತ್ತ ಮಗಳನ್ನು ಮನೆಗೆ ಒಯ್ಯುವಾಗಲೂ ದಾರಿಯಲ್ಲಿ ಎರಡು ಸಲ ನಿಂತಿತು. ಇಬ್ಬರೂ ಇಳಿಯಲಿಲ್ಲ. ಅದು ತಾನಾಗಿ ಸುಧಾರಿಸಿಕೊಳ್ಳುವವರೆಗೆ ಕುಳಿತೇ ಇದ್ದರು. ಮಲ್ಲಾಬಾಯಿ ಒಂದೇ ಮಾತು ಆಡಿದಳು.

"ಸಾಹೇಬನ್ನ ಊರೂರು ತಿರುಗಿಸಿಕೊಂಡು ಬರತೀರಿ. ನಿಮ್ಮ ಮಗಳಿಗಿ ಇಷ್ಟು ದಾರಿ ನಡೀಲಿಲ್ಲೇನು?"

ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಊರೂ ಅದನ್ನೇ ಆಡಿತು. ಚಹಾದಂಗಡಿಯಲ್ಲಿ ಇವನು ಬಂದರೆ ಮಾತು ನಿಲ್ಲುತ್ತಿತ್ತು. ಡ್ರೈವರ್ ಆಗಿ ತನ್ನ ಗಾಡಿಯ ರೋಗ ತನಗೇ ಗೊತ್ತಾಗಲಿಲ್ಲವಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಪರಮಣ್ಣನೂ ಅಂದುಕೊಂಡ.

ಹದಿನೈದು ದಿನದ ಮೇಲೆ ಅವನು ಕೆಲಸಕ್ಕೆ ಹೋದ. ಒಂದು ದಿನ ಒಬ್ಬನೇ ಶಹಾಪುರದಿಂದ ಸಾಮಾನು ತರುತ್ತಿದ್ದ. ಜೀಪು ಕೆಮ್ಮಿ ನಿಂತಿತು. ಈಗ ಅವಸರವಿರಲಿಲ್ಲ, ಯಾರೂ ಕಾಯುತ್ತಿರಲಿಲ್ಲ. ಪಂಪಿನ ಕಡೆ ಹೋಗಲು ಮನಸ್ಸಾಗದೆ ಸುಮ್ಮನೆ ಮೆತ್ತೆ ಎತ್ತಿ ಮುಚ್ಚಳ ತಿರುವಿದ. ಸುತ್ತ ಸದ್ದೇ ಇರಲಿಲ್ಲ, ಹಾಗಾಗಿ ಸ್ಪಷ್ಟವಾಗಿ ಕೇಳಿತು. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಈ ಸದ್ದನ್ನು ಮೊದಲೂ ಕೇಳಿದ್ದ, ಬಿಸಿಲಿಗೆ ಪೆಟ್ರೋಲಿನ ಆವಿ ಹೊರಗೆ ಬರುತ್ತದೆಂದು ತಿಳಿದಿದ್ದ. ಆವಿ ಹೊರಗೆ ಬರುವುದು ಬೇರೆ, ಗಾಳಿ ಒಳಗೆ ಹೋಗುವುದು ಬೇರೆ. ಅಂಗೈ ಇಟ್ಟಿದ್ದರೆ ಗೊತ್ತಾಗುತ್ತಿತ್ತು.

ಮುಚ್ಚಳ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಒಳಮೈಯಲ್ಲಿ, ನಡುವೆ, ಸೂಜಿ ಹೋಗುವಷ್ಟು ಸಣ್ಣ ತೂತಿತ್ತು. ಹೊರಮೈಯಲ್ಲಿ ಅದೇ ಜಾಗದಲ್ಲಿ ಮೇಣ, ಮೇಣದ ಮೇಲೆ ಕಪ್ಪಾದ ಕುಂಕುಮ. ಕುಂಕುಮದಲ್ಲಿ ಒಂದು ಸಣ್ಣ ಬೆರಳಿನ ಗುಳಿ.

ಪರಮಣ್ಣನಿಗೆ ಮೊದಲು ನೆನಪಾದದ್ದು ಬಾಷುಮಿಯಾ ಅಲ್ಲ, ಪಂಪಲ್ಲ, ಸೀಮೆಎಣ್ಣೆಯ ಡಬ್ಬಿ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಆ ಗಾಳಿಯ ದಾರಿಯೇ ಮುಚ್ಚಿತ್ತು. ಪಂಪು ಪಾಪ ಎಷ್ಟೆಂದು ಎಳೆದೀತು? ನಿಂತಲ್ಲಿ ಹೊತ್ತು ಹೋದರೆ ರಬ್ಬರಿನ ಸಂದಿಯಿಂದಲೋ ಬಿಚ್ಚಿದ ಕೊಳವೆಯಿಂದಲೋ ಒಂದಿಷ್ಟು ಗಾಳಿ ನುಸುಳುತ್ತಿತ್ತು, ಅದಕ್ಕೇ ಮತ್ತೆ ಹತ್ತುತ್ತಿತ್ತು. ಅದರಲ್ಲೂ ಅಂದು ಬಾಯಿಯವರೆಗೆ ತುಂಬಿಸಿದ್ದ, ಒಳಗೆ ಗಾಳಿಗೆ ಎಡೆಯೇ ಇರಲಿಲ್ಲ. ಮಗಳಿಗೆ ಕೊರತೆಯಾಗಬಾರದೆಂದು ತುಂಬಿಸಿದ್ದ. ಮುಚ್ಚಳವನ್ನು ಒಂದು ಸಲ ತೆಗೆದು ಹಾಕಿದ್ದರೆ ಸಾಕಿತ್ತು.

ಸುಳ್ಳಿರಲಿ ಎಂದು ಅವನ ಜೀವ ಬೇಡಿತು. ಮೇಣವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಮುಚ್ಚಳ ಹಾಕಿ, ಜೀಪನ್ನು ಶಹಾಪುರದವರೆಗೆ ಓಡಿಸಿ ತಿರುಗಿ ಸುರಪುರದ ಹತ್ತಿರದವರೆಗೆ ತಂದ. ಒಂದು ಸಲವೂ ಕೆಮ್ಮಲಿಲ್ಲ. ಆ ಮೇಣವನ್ನೇ ಮತ್ತೆ ತೂತಿನ ಮೇಲೆ ಒತ್ತಿ ಅದೇ ದಾರಿಯಲ್ಲಿ ಹೊರಟ. ಹತ್ತಿಗೂಡೂರಿನ ಹತ್ತಿರ ನಿಂತಿತು. ಮುಚ್ಚಳ ಸಡಿಲಿಸಿದ, ಸುಂಯ್ ಎಂದಿತು, ಹೊರಟಿತು. ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ದಾರಿಯ ಬದಿಗೆ ಜೀಪು ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ ಪರಮಣ್ಣ ಅತ್ತ. ಮಗಳು ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಮೇಣದ ಆ ಬಿಲ್ಲೆಯನ್ನು ಎಸೆಯಲು ಆಗಲಿಲ್ಲ. ಬೀಡಿಯ ಖಾಲಿ ಡಬ್ಬಿಯಲ್ಲಿಟ್ಟು ಜೀಪಿನ ಹತಾರಗಳ ಚೀಲದ ತಳಕ್ಕೆ ಸೇರಿಸಿದ.

ಮನೆಗೆ ಬಂದಾಗ ಮಲ್ಲಾಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಜೀಪು ಸಲೀಸಾಗಿ ಬಂದು ನಿಂತದ್ದನ್ನು ನೋಡಿದಳು.

"ರಿಪೇರಿ ಆತೇನ್ರಿ?"

"ಹೂಂ."

"ಏನಾಗಿತ್ತು?"

ಪರಮಣ್ಣ ಬಾಯಿ ತೆರೆದ. ಅವಳಿಗೆ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಪಂಪು, ಪರದೆ, ಕೊಳವೆ ಅಂದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಗಾಳಿಯ ತೂತು ಮುಚ್ಚಿತ್ತು ಎಂದರೆ ಒಂದೇ ಏಟಿಗೆ ತಿಳಿಯುತ್ತಿತ್ತು. ತಿಳಿದ ಮೇಲೆ ಅವಳು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಾಳೆ. ಮಗಳ ಬೆರಳನ್ನು ಹಿಡಿದು ಒತ್ತಿಸಿದ್ದು ನೆನಪಾಗುತ್ತದೆ. ಆಮೇಲೆ ಅವಳು ಬದುಕುತ್ತಾಳೆಯೇ? ಅವಳ ಹಣೆಯಲ್ಲಿ ಅಂದೂ ಮೇಣದ ಮೇಲೆ ಕುಂಕುಮ ಇತ್ತು.

"ಪಂಪಿನ ಪರದಿ ಹರಿದಿತ್ತು," ಎಂದ.

"ಮೊದಲ ಗೊತ್ತಿರಲಿಲ್ಲೇನು?"

"ಗೊತ್ತಿತ್ತು. ಉಸ್ತಾದ ಹೊಸಾದು ಕೊಟ್ಟಿದ್ದ. ನಾನ ನಾಳಿ ಹಾಕಿದ್ರಾತು ಅಂತ ಬಿಟ್ಟಿದ್ದೆ."

ಮಲ್ಲಾಬಾಯಿ ಗಂಡನ ಕಡೆ ತಿರುಗಿದಳು. "ನೀವ ಕೊಂದ್ರಿ," ಎಂದಳು, ಕೂಗದೆ. ಎದ್ದು ಒಳಗೆ ಹೋದಳು. ಅಂದಿನಿಂದ ಅವನ ಮುಂದೆ ಊಟದ ತಟ್ಟೆ ಇಟ್ಟು, ಹೋಗಿಬಿಡುತ್ತಿದ್ದಳು. ಬಡಿಸಲು ನಿಲ್ಲುತ್ತಿರಲಿಲ್ಲ.

ಸುದ್ದಿ ಬಾಷುಮಿಯಾನವರೆಗೂ ಹೋಯಿತು. ಮುಂದಿನ ಸಲ ಪರಮಣ್ಣ ಯಾದಗಿರಿಗೆ ಹೋದಾಗ ಮುದುಕ ಅವನ ಭುಜ ಹಿಡಿದು ಕೇಳಿದ.

"ಪರದಿ ನಾನ ಹಾಕೀನಿ, ನನ್ನ ಕೈಲೆ. ನೀ ಹಾಕಿಲ್ಲಂತ ಮಂದಿ ಹೇಳಾಕತ್ತಾರ. ಏನಿದು ಬೇಟಾ?"

ಪರಮಣ್ಣ ಅವನನ್ನು ಜೀಪಿನ ಹತ್ತಿರ ಕರೆದೊಯ್ದ. ಮೆತ್ತೆ ಎತ್ತಿ ಮುಚ್ಚಳ ತೋರಿಸಿದ. ತೂತಿನ ಸುತ್ತ ಕುಂಕುಮದ ಕೆಂಪು ಇನ್ನೂ ಹೋಗಿರಲಿಲ್ಲ. ಬಾಷುಮಿಯಾ ಅದನ್ನು ಬೆರಳಿನಿಂದ ಸವರಿದ, ಮೂಸಿದ, ಅಲ್ಲೇ ಗಾಲಿಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟ.

"ಯಾ ಅಲ್ಲಾ! ಬಿಗಿ ಮುಚ್ಚಳ ಹಾಕಿದಾಂವ ನಾನು. ಪಂಪು ನೋಡೀನಿ, ಮುಚ್ಚಳ ನೋಡಲಿಲ್ಲ. ನನ್ನ ಹೆಸರ ಹೇಳು ಊರಾಗ. ಬಾಷುಮಿಯಾ ಕೆಡಿಸಿದ ಅನ್ನು."

"ನಿನ್ನ ಅಂಗಡಿಗಿ ಬರೋರ ನಾಕ ಮಂದಿ ಉಸ್ತಾದ," ಎಂದ ಪರಮಣ್ಣ. "ಅವರೂ ಹೋಗ್ತಾರ. ನನ್ನ ಹೆಸರ ಹೆಂಗೂ ಕೆಟ್ಟದ, ಅಲ್ಲೇ ಇರಲಿ."

ಮರುವರ್ಷದ ಮಹಾನವಮಿಗೆ ಪರಮಣ್ಣ ಜೀಪನ್ನು ಮನೆಗೆ ತರಬಾರದೆಂದುಕೊಂಡಿದ್ದ. ಕಚೇರಿಯ ಅಂಗಳದಲ್ಲೇ ಒಂದು ಕಾಯಿ ಒಡೆದು ಮುಗಿಸಬೇಕೆಂದಿದ್ದ. ಬೆಳಗ್ಗೆ ಮಲ್ಲಾಬಾಯಿಯೇ ಬಾಗಿಲಿಗೆ ಬಂದು ನಿಂತಳು.

"ಗಾಡಿ ತರ್ರಿ," ಎಂದಳು.

ತಂದ. ಅವಳು ಆರತಿಯ ತಟ್ಟೆಯೊಂದಿಗೆ ಬಂದಳು. ತಟ್ಟೆಯಲ್ಲಿ ನಿಂಬೆಗಾತ್ರದ ಹೊಸ ಮೇಣದ ಉಂಡೆ ಇತ್ತು. ಬಾನೆಟ್ಟಿಗೆ ವಿಭೂತಿ ಹಚ್ಚಿ, ಗಾಲಿಗೆ ನೀರು ಹಾಕಿ, ನೇರ ಡ್ರೈವರ್ ಸೀಟಿನ ಕಡೆ ಬಂದು ತಾನೇ ಮೆತ್ತೆ ಎತ್ತಿದಳು.

"ಹೋದ ವರ್ಷ ಮೇಣ ಕಡಿಮಿ ಹಚ್ಚಿದ್ದೆನೇನೋ," ಎಂದಳು, ಯಾರಿಗೋ ಹೇಳುವ ಹಾಗೆ. "ಅವಸರದಾಗ ಸಣ್ಣದಾಗಿ ಇಟ್ಟಿದ್ದೆ. ಕುಂಕುಮ ಉದುರಿ ಹೋಗಿರಬೇಕು. ಅದಕ್ಕ ದೇವಿ ತಾಯಿ ಕೈಬಿಟ್ಟಳು."

ಮೇಣವನ್ನು ಎರಡೂ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ, ಮುಚ್ಚಳದ ತುಂಬ, ದಪ್ಪಗೆ, ಬಿಗಿಯಾಗಿ ಮೆತ್ತಿದಳು. ಅದರ ಮೇಲೆ ಕುಂಕುಮ ಒತ್ತಿದಳು. ಕೈ ಮುಗಿದಳು. ತಿರುಗಿ ಗಂಡನನ್ನು ಕೇಳಿದಳು.

"ಈಗ ಸಾಕಲ್ರಿ?"

"ಸಾಕು," ಎಂದ ಪರಮಣ್ಣ.

"ಇನ್ನ ಮ್ಯಾಲರ ಗಾಡಿ ಚಲೋ ನೋಡಿಕೋರಿ. ಮಂದಿ ಮಕ್ಕಳು ಕೂಡತಾವ ಇದರಾಗ."

"ಹೂಂ."

ಅವಳು ಒಳಗೆ ಹೋದಳು. ಪರಮಣ್ಣ ಬೇಲಿಯಿಂದ ಒಂದು ಜಾಲಿಮುಳ್ಳು ಮುರಿದುಕೊಂಡು ಬಂದ. ಬಾಗಿಲ ಕಡೆಗೊಮ್ಮೆ ನೋಡಿ, ಮೆತ್ತೆ ಎತ್ತಿ, ಕುಂಕುಮ ಕದಲದ ಹಾಗೆ ಅದರ ನಡುವೆ ಮುಳ್ಳು ಚುಚ್ಚಿದ. ತೂತು ಸಿಗುವವರೆಗೆ ಮೆಲ್ಲಗೆ ಒಳಗೆ ಇಳಿಸಿದ. ಮುಳ್ಳು ತ್ರಾಸಿಲ್ಲದೆ ಆಡುವುದೇ ಎಂದು ಎರಡು ಸಲ ನೋಡಿ, ಹೊರಗೆಳೆದು, ಮೆತ್ತೆ ಮುಚ್ಚಿದ. ಜೀಪು ಹರಾಜಾಗುವವರೆಗೆ ಪ್ರತಿ ಮಹಾನವಮಿಗೆ ಅವಳು ಮೇಣ ಮೆತ್ತಿದಳು, ಪ್ರತಿ ಮಹಾನವಮಿಗೆ ಅವನು ಮುಳ್ಳು ಚುಚ್ಚಿದ.